ಮಷೀನು ಇನ್ನೂ ಕೂಗಿಲ್ಲ

ಲಗಮವ್ವನಿಗೆ ಲಿನಕ್ಸ್ ಅಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಆಕೆಗೆ ಯಾವ ನಷ್ಟವೂ ಆಗಿರಲಿಲ್ಲ. ಹಳ್ಳದ ಬಾಯಲ್ಲಿರುವ ಗಿರಿಮಲ್ಲಪ್ಪಗೌಡರ ಪಂಪ್‌ಸೆಟ್ ಮನೆಯೊಳಗೆ ಒಂದು ತಗಡಿನ ಡಬ್ಬಿ ಇದೆ, ಡಬ್ಬಿಯೊಳಗೆ ಅಂಗೈಯಗಲದ ಕಂಪ್ಯೂಟರ್ ಇದೆ, ಅದನ್ನು ಅಲ್ಲಿಟ್ಟವನು ತನ್ನ ಮಗ ದುಂಡೇಶ, ಹೊಳೆ ಏರಿದರೆ ಅದು ಊರಿಗೆ ಊರೇ ಕೇಳುವಂತೆ ಕೂಗುತ್ತದೆ. ಇಷ್ಟು ಆಕೆಗೆ ಗೊತ್ತಿತ್ತು, ಇಷ್ಟೇ ಸಾಕಾಗಿತ್ತು. ಜಮಖಂಡಿ ಸಂತೆಯಲ್ಲಿ ಪರಿಚಯದ ಹೆಂಗಸರು ಸಿಕ್ಕರೆ ಮೆಣಸಿನಕಾಯಿ ಆರಿಸುತ್ತಲೇ ಸುದ್ದಿ ತೆಗೆಯುತ್ತಿದ್ದಳು: ಹೊಳೆ ಕಾಯಲಿಕ್ಕೆ ನನ್ನ ಮಗ ಒಂದು ಆಳು ಇಟ್ಟಾನ, ಅದಕ್ಕೆ ಪಗಾರವೂ ಇಲ್ಲ, ನಿದ್ದೆಯೂ ಇಲ್ಲ. ಈ ಮಾತನ್ನು ದುಂಡೇಶನಿಗೆ ಆಮೇಲೆ ಆ ಹೆಂಗಸರೇ ಹೇಳಿದರು. ಹೇಳಬೇಕಾದ ಹೊತ್ತೇನೂ ಅದಾಗಿರಲಿಲ್ಲ, ಆದರೆ ಮಣ್ಣಿಗೆ ಬಂದವರು ಏನಾದರೂ ಹೇಳಲೇಬೇಕಲ್ಲ.

ಹೊಳೆಯನ್ನು ಕಾಯಬೇಕಾಗಿ ಬಂದದ್ದಕ್ಕೆ ಕಾರಣವಿತ್ತು. ಲಗಮವ್ವ ಮತ್ತು ಆಕೆಯ ಗಂಡ ರೇವಪ್ಪ ಕುರಿ ಕಾಯುವವರು. ಮಳೆಗಾಲ ಇಳಿದು ಮಾನೌಮಿ ಹಬ್ಬ ಹತ್ತಿರ ಬರುತ್ತಲೂ ಅವರ ಹಿಂಡು ಕೃಷ್ಣೆಯ ದಂಡೆಗೆ ಬಂದು ಗಿರಿಮಲ್ಲಪ್ಪಗೌಡರ ತಗ್ಗಿನ ಹೊಲದಲ್ಲಿ ಬೀಡು ಬಿಡುತ್ತಿತ್ತು. ಗೌಡರ ಹೊಲಕ್ಕೆ ಕುರಿಗೊಬ್ಬರ, ಕುರಿಗಳಿಗೆ ದಂಡೆಯ ಎಳೆಯ ಹುಲ್ಲು. ಎರಡೂ ಮನೆತನದವರು ಅಜ್ಜಂದಿರ ಕಾಲದಿಂದ ಹೀಗೇ ನಡೆದುಕೊಂಡು ಬಂದಿದ್ದರು. ಹೊಲದ ಮುಂದೆ ಹೊಳೆ, ಹಿಂದೆ ಒಂದು ಹಳ್ಳ. ಹಳ್ಳ ದಾಟಿದರೆ ಎತ್ತರದ ನೆಲ, ಗೌಡರ ಕಬ್ಬು, ಅದರಾಚೆ ಊರಿನ ದಾರಿ.

ಈ ಹೊಳೆ ಮುಂದಿನಿಂದ ಬಂದು ಯಾರನ್ನೂ ಹೆದರಿಸುವುದಿಲ್ಲ. ಮೇಲಿನ ಸೀಮೆಯಲ್ಲಿ ಮಳೆ ಜೋರಾದಾಗ ನೀರು ಸದ್ದಿಲ್ಲದೆ ಹಳ್ಳದ ಬಾಯಿಗೆ ಹೊಕ್ಕು ಹಿಂದುಹಿಂದಕ್ಕೆ ಏರುತ್ತದೆ. ಮುಂದೆ ನಿಂತು ನೋಡಿದವರಿಗೆ ಹೊಳೆ ಇನ್ನೂ ದಂಡೆಯೊಳಗೇ ಇರುತ್ತದೆ, ಬೆನ್ನ ಹಿಂದೆ ದಾರಿ ಕಟ್ಟಿಹೋಗಿರುತ್ತದೆ. ದುಂಡೇಶ ಡಿಪ್ಲೊಮಾ ಓದುತ್ತಿದ್ದ ವರ್ಷ ಲಗಮವ್ವ ಹೀಗೇ ಸಿಕ್ಕಿಬಿದ್ದು, ಎದೆಮಟ್ಟದ ನೀರಲ್ಲಿ, ಹೆಗಲ ಮೇಲೆ ಎರಡು ಮರಿ ಹಾಕಿಕೊಂಡು ದಾಟಿ ಬಂದಿದ್ದಳು. ಅದನ್ನು ಆಕೆ ಕೈತಿರುವಿ ಕೈತಿರುವಿ ನಗುತ್ತ ಹೇಳಿದಳು. ದುಂಡೇಶ ಅವತ್ತು ಅರ್ಧ ರೊಟ್ಟಿ ಬಿಟ್ಟು ಎದ್ದ.

ಹಗಲು ಗಂಡಸರು ಹಿಂಡು ಹೊಡೆದುಕೊಂಡು ಎತ್ತರದ ಕಡೆ ಹೋಗುತ್ತಾರೆ. ಹಟ್ಟಿಯಲ್ಲಿ ಉಳಿಯುವುದು ಹೆಂಗಸು, ಆಗಷ್ಟೇ ಈದ ಕುರಿ, ಗಬ್ಬದ ಕುರಿ, ಬಿದಿರಿನ ಗೂಡಲ್ಲಿ ಮುಚ್ಚಿಟ್ಟ ಎಳೆ ಮರಿಗಳು. ಎಂದರೆ ನೀರು ಬಂದರೆ ಸಿಗುವವಳು ಅವ್ವನೇ. ದುಂಡೇಶ ಓದು ಮುಗಿಸಿ ಜಮಖಂಡಿಯ ಕೋರ್ಟಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರು, ಕ್ಯಾಮೆರಾ ರಿಪೇರಿ ಅಂಗಡಿ ಹಾಕಿದ ಮೇಲೆ ತನಗಾಗಿ ಮಾಡಿದ ಮೊದಲ ಕೆಲಸ ಆ ಮಷೀನು. ಹಳ್ಳದ ಬಾಯಲ್ಲಿ ನೀರಿನ ಮಟ್ಟ ಅಳೆಯುವ ಕಣ್ಣು, ಪಂಪ್‌ಸೆಟ್ ಮನೆಯ ಮೇಲೆ ಸೋಲಾರ್ ತಟ್ಟೆ, ಬ್ಯಾಟರಿ, ಒಂದು ಸಿಮ್ಮು, ಒಂದು ಸೈರನ್ನು. ನೀರು ಹಳ್ಳದ ಕಲ್ಲಿನ ಮೇಲೆ ಅವನು ಹಾಕಿದ ಗುರುತು ಮುಟ್ಟಿದರೆ ಸೈರನ್ ಕೂಗುತ್ತದೆ. ಆಗ ಹೊರಟರೂ ಮರಿಗಳನ್ನೆಲ್ಲ ಹೊತ್ತು ಪಾದ ತೋಯದಂತೆ ಹಳ್ಳ ದಾಟುವಷ್ಟು ಹೊತ್ತು ಇರುತ್ತದೆ. ಅವ್ವ ಮತ್ತೊಮ್ಮೆ ಆ ನೀರಿಗೆ ಇಳಿಯಬಾರದು. ಆ ಡಬ್ಬಿಯ ಉದ್ದೇಶ ಇದೊಂದೇ.

ಕಂಪ್ಯೂಟರು ಎಲ್ಲಿದ್ದರೂ ಕಂಪ್ಯೂಟರೇ. ಅದರೊಳಗಿನ ಲಿನಕ್ಸನ್ನೂ ಪ್ರೋಗ್ರಾಮುಗಳನ್ನೂ ಆಗಾಗ ಹೊಸದು ಮಾಡುತ್ತಿರಬೇಕು, ಇಲ್ಲದಿದ್ದರೆ ಕಳ್ಳರು ಹೊಗುತ್ತಾರೆ, ಇಲ್ಲವೇ ತಾನೇ ತೊದಲಲು ಶುರುಮಾಡುತ್ತದೆ. ಅಂಗಡಿಯಲ್ಲಿ ಕೂತು ಫೋನಿನಿಂದಲೂ ಅದನ್ನು ಮಾಡಬಹುದಿತ್ತು. ಆದರೆ ನಡುವೆ ಏನಾದರೂ ಸಿಕ್ಕಿಕೊಂಡರೆ ಮುಂದೆ ಒಬ್ಬ ಮನುಷ್ಯ ಇರಬೇಕು ಎಂಬ ಭಯಕ್ಕೆ ದುಂಡೇಶ ತಿಂಗಳಿಗೊಮ್ಮೆ ಗಾಡಿ ಹತ್ತಿ ಹೊಳೆಗೆ ಬರುತ್ತಿದ್ದ. ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತರೆ, ದಂಡೆಯ ಹಾಳು ನೆಟ್‌ವರ್ಕಿನಲ್ಲಿ ಕೆಲಸ ಆಮೆಯಂತೆ ಸಾಗುತ್ತಿತ್ತು. ಬೀಡು ಅಲ್ಲಿದ್ದ ದಿನಗಳಲ್ಲಿ ಲಗಮವ್ವ ಹಳ್ಳ ದಾಟಿ ಬುತ್ತಿಯ ಜೊತೆ ಬಂದು ಎದುರಿಗೆ ಕೂರುತ್ತಿದ್ದಳು. ಆಕೆಯ ಲೆಕ್ಕದಲ್ಲಿ ಮಗ ಬಂದದ್ದು ಮಷೀನಿಗೆ ಉಣ್ಣಿಸಲಿಕ್ಕೆ.

"ಅದರದ್ದು ಊಟ ಆತೇನಲೇ?"

"ಇನ್ನೂ ನಡದೈತಿ ಬೇ ಯವ್ವಾ."

"ಹಂಗಾರ ನೀನೂ ಇನ್ನೊಂದ ರೊಟ್ಟಿ ತಗೋ."

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕುರಿ ಈದ ದಿನಗಳಾದರೆ ಬೆಲ್ಲ ಹಾಕಿ ಕಾಸಿದ ಗಿಣ್ಣ. ಅಪ್‌ಡೇಟ್ ನಿಧಾನವಾದಷ್ಟೂ ಆಕೆ ಹಿಗ್ಗುತ್ತಿದ್ದಳು. ಬೇಗ ಮುಗಿದರೆ ಮುಖ ಸಣ್ಣದಾಗುತ್ತಿತ್ತು. ಇಷ್ಟಕ್ಕೇ ಅದರ ಹೊಟ್ಟೆ ತುಂಬಿತೇ, ಇನ್ನೊಂದು ಸಲ ಕೇಳು ಎಂದು ಚಾಷ್ಟಿ ಮಾಡುತ್ತಿದ್ದಳು. ಉಣ್ಣುವ ಮಗನನ್ನು ನೋಡುತ್ತ ಕೂರುವುದು ಆಕೆಗೆ ತಿಂಗಳಿಗೊಂದು ಹಬ್ಬ. ದುಂಡೇಶನಿಗೂ ಹಾಗೆಯೇ ಇತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಕುರಿಯವರಲ್ಲಿ ಒಂದು ರೂಢಿಯಿದೆ. ಹೊತ್ತು ಮುಳುಗುವಾಗ ಹಟ್ಟಿಯಲ್ಲಿದ್ದವರು ಬಾಯಿಗೆ ಕೈಯಿಟ್ಟು "ಹೋ" ಎಂದು ಉದ್ದಕ್ಕೆ ಕೂಗುತ್ತಾರೆ. ಹಿಂಡಿನ ಜೊತೆ ಇದ್ದವರು ಎಲ್ಲಿದ್ದರೂ "ಓ" ಅನ್ನಬೇಕು. ಬೇರೆ ಮಾತೇನೂ ಇಲ್ಲ. ಓಗೊಟ್ಟರೆ ರೊಟ್ಟಿ ಬಡಿಯಲು ಕೂರುವುದು, ಓಗೊಡದಿದ್ದರೆ ಬಡಿಗೆ ಹಿಡಿದು ಹುಡುಕಲು ಹೋಗುವುದು. ಸಣ್ಣವನಿದ್ದಾಗ ದುಂಡೇಶ ಈ ಕೂಗು ಕೇಳಿಯೇ ಹಸಿವೆಯಾಗಿದೆ ಎಂದು ತಿಳಿಯುತ್ತಿದ್ದವನು. ಮಷೀನು ಮಾಡುವಾಗ ಅದಕ್ಕೂ ಅದೇ ರೂಢಿ ಕಲಿಸಿದ್ದ. ದಿನಾ ಸಂಜೆ ಅದು ಒಂದು ಸಲ ಗಿಡ್ಡದಾಗಿ ಕೂಗುತ್ತಿತ್ತು, ನಾನು ಇದ್ದೇನೆ ಎಂದು ತಿಳಿಸಲಿಕ್ಕೆ. ಲಗಮವ್ವ ಅದಕ್ಕೂ ಒಮ್ಮೊಮ್ಮೆ "ಓ" ಅನ್ನುತ್ತಿದ್ದಳಂತೆ.

ಈ ವರ್ಷ ಬೀಡು ಬಿಟ್ಟ ಕೆಲವೇ ದಿನಕ್ಕೆ ರೇವಪ್ಪ ಫೋನು ಮಾಡಿದ. ರೇವಪ್ಪ ಮಗನಲ್ಲಿ ಏನನ್ನೂ ಕೇಳುವ ಮನುಷ್ಯನಲ್ಲ. ಚಪ್ಪಲಿ ಹರಿದರೂ ಹೇಳದೆ ಹೊಲಿದು ಹಾಕಿಕೊಳ್ಳುವವನು. ಆ ದಿನ ದನಿಯಲ್ಲಿ ಸಂಕೋಚವಿತ್ತು. ಈ ಸಲ ಗಬ್ಬದ ಕುರಿಗಳೇ ಹೆಚ್ಚು, ಸಂಜೆ ಮಷೀನು ಕೂಗಿದ ಕೂಡಲೇ ಅವು ಬೆದರಿ ಒಂದರ ಮೇಲೊಂದು ಬೀಳುತ್ತವೆ, ನಿನ್ನೆ ಒಂದು ಕುರಿ ತಿಂಗಳು ತುಂಬುವ ಮೊದಲೇ ಮರಿ ಹಾಕಿತು ಎಂದು ಹೇಳಿದ.

"ಆ ಸಂಜಿ ಕೂಗ ಒಂದ ತಗದ ಬಿಡಪಾ. ಹೊಳಿ ಬಂದಾಗ ಕೂಗಿದ್ರ ಸಾಕು."

ದುಂಡೇಶ ಆಗ ಮನೆಯಲ್ಲಿದ್ದ. ಅವನ ಹೆಂಡತಿ ಪೂನಮ್ ಏಳು ತಿಂಗಳ ಬಸುರಿ, ಕಾಲು ಚಾಚಿಕೊಂಡು ಅಲ್ಲೇ ಕೂತಿದ್ದಳು, ಫೋನಿನಲ್ಲಿ ಮಾವ ಹೇಳಿದ್ದು ಆಕೆಗೂ ಕೇಳಿಸಿತ್ತು. ಪಾಪ, ತೆಗೆಯಿರಿ ಎಂದಳು. ಬಸುರಿ ಹೆಂಡತಿಯನ್ನು ಮುಂದಿಟ್ಟುಕೊಂಡು ಇಲ್ಲ ಅನ್ನುವುದು ಹೇಗೆ? ದುಂಡೇಶ ಕೂತಲ್ಲೇ ಫೋನಿನಿಂದ ಮಷೀನಿನೊಳಗೆ ಹೊಕ್ಕು, ಯಾವ ಯಾವ ಹೊತ್ತಿಗೆ ಏನೇನು ಮಾಡಬೇಕು ಎಂದು ಬರೆದಿಡುವ ಫೈಲು ತೆರೆದು, ಸಂಜೆ ಕೂಗಿನ ಸಾಲೊಂದನ್ನು ಅಳಿಸಿಹಾಕಿದ. ರೇವಪ್ಪನಿಗೆ ಸಮಾಧಾನವಾಯಿತು. ಅಡ್ಡಮಾತು ಬಂದದ್ದು ಲಗಮವ್ವನಿಂದ. ಗಂಡನ ಕೈಯಿಂದ ಫೋನು ಇಸಿದುಕೊಂಡು ಆಕೆ ಕೇಳಿದಳು:

"ಅದು ಕೂಗಲಿಲ್ಲಂದ್ರ ಐತೋ ಇಲ್ಲೋ ಅಂತ ಹೆಂಗ ತಿಳೀಬೇಕಲೇ?"

"ಕೂಗಲಿಲ್ಲಂದ್ರ ಎಲ್ಲಾ ಆರಾಮ ಐತಿ ಅಂತ ತಿಳಕೋ ಬೇ."

ಹುಟ್ಟಿದಾಗಿನಿಂದ ಇದರ ತಿರುವು ಮುರುವನ್ನೇ ನಂಬಿ ಬದುಕಿದವಳಿಗೆ ಆ ಮಾತು ಒಪ್ಪಿಗೆಯಾಗಬಾರದಿತ್ತು. ಆದರೆ ಹೇಳಿದವನು ಮಗ. ಆಕೆ ಆಯಿತು ಅಂದಳು.

ಅದೇ ವಾರ ದುಂಡೇಶ ಇನ್ನೊಂದು ಕೆಲಸ ಮಾಡಿದ. ಅಂಗಡಿಯಲ್ಲಿ ಕೆಲಸ ಕೈಮೀರಿತ್ತು, ಮುಧೋಳ, ರಬಕವಿ, ಮಹಾಲಿಂಗಪುರ ಎಂದು ತಿರುಗಾಟ ಹೆಚ್ಚಿತ್ತು, ಪೂನಮ್‌ಳನ್ನು ದವಾಖಾನೆಗೆ ಕರೆದೊಯ್ಯುವುದು ಬೇರೆ. ತಿಂಗಳಿಗೊಮ್ಮೆ ಹೊಳೆಗೆ ಹೋಗಿ ಕೂರುವುದು ಅವನಿಗೆ ಭಾರವೆನಿಸತೊಡಗಿತ್ತು. ಊರಿಗೆಲ್ಲ ಕಂಪ್ಯೂಟರ್ ತಾನೇ ನಡೆಯುವಂತೆ ಮಾಡಿಕೊಡುವವನು ತನ್ನ ಮಷೀನಿಗೆ ಮಾತ್ರ ಕೈತುತ್ತು ಹಾಕುತ್ತ ಕೂತಿದ್ದಾನೆ ಎಂದು ಜೊತೆಗಾರರು ನಗುತ್ತಿದ್ದರು. ಹಾಗೆಂದು ಅವಸರವನ್ನೇನೂ ಮಾಡಲಿಲ್ಲ. ಮಳೆಗಾಲ ಪೂರ್ತಿ ಮುಗಿಯಲಿ, ಹೊಳೆ ಇಳಿಯಲಿ ಎಂದು ಕಾದಿದ್ದ. ಇಳಿದ ಮೇಲೆ ಒಂದು ಸಣ್ಣ ಪ್ರೋಗ್ರಾಮು ಬರೆದು ಮಷೀನಿಗೆ ಕೊಟ್ಟ. ಪ್ರತಿ ಸೋಮವಾರ ಅದು ನೀರು ನೋಡುವ ಕೆಲಸವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು, ಎಲ್ಲವನ್ನೂ ಹೊಸದು ಮಾಡಿಕೊಳ್ಳಬೇಕು, ಮತ್ತೆ ನೀರು ನೋಡಲು ಶುರುಮಾಡಬೇಕು. ನಡುವೆ ಏನಾದರೂ ಕೇಳಬೇಕೆನಿಸಿದರೆ ಕೇಳುವುದು ಬೇಡ, ಎಲ್ಲದಕ್ಕೂ ಹೌದು ಎಂದುಕೊಂಡು ಮುಂದೆ ಹೋಗಬೇಕು. ತಪ್ಪಾದರೆ ಮಾತ್ರ ತನ್ನ ಫೋನಿಗೆ ಮೆಸೇಜು ಕಳಿಸಬೇಕು.

ಇದನ್ನೂ ಅವ್ವನಿಗೆ ಫೋನಿನಲ್ಲಿ ಹೇಳಿದ. ಇನ್ನು ಮೇಲೆ ನಿನ್ನ ಆಳು ತಾನೇ ಬಡಿಸಿಕೊಂಡು ಉಣ್ಣುತ್ತಾನೆ ಎಂದು ನಗಿಸಲು ನೋಡಿದ. ಲಗಮವ್ವ ನಗಲಿಲ್ಲ.

"ಹಂಗಾರ ನೀ ಇನ್ನ ಬರಂಗಿಲ್ಲೇನ?"

"ಬರ್ತೀನಲ್ಲ ಬೇ. ಕೆಲಸ ಇಲ್ದನ, ಸುಮ್ನ ಬರ್ತೀನಿ."

ಸುಮ್ಮನೆ ಬರುತ್ತೇನೆ ಎಂದವರು ಎಂದಾದರೂ ಬಂದದ್ದುಂಟೆ? ಕೆಲಸವಿದ್ದರೆ ಗಾಡಿ ತಾನಾಗಿ ಆ ದಾರಿಗೆ ತಿರುಗುತ್ತದೆ. ಕೆಲಸವಿಲ್ಲದಿದ್ದರೆ ಇವತ್ತಿಗಿಂತ ನಾಳೆ ಛಲೋ ಅನಿಸುತ್ತದೆ. ಮಾನೌಮಿಗೆ ಹೋಗಬೇಕೆಂದಿದ್ದ, ಪೂನಮ್‌ಗೆ ಕಾಲು ಬಾತು ಹೋಗಲಾಗಲಿಲ್ಲ. ಬನ್ನಿ ಕೊಡುವ ಬದಲು ಫೋನು ಮಾಡಿದಾಗ ಲಗಮವ್ವ, ಗಿಣ್ಣ ಕಾಸಿದ್ದೆ, ನಿಮ್ಮಪ್ಪನೇ ಎಲ್ಲ ಕುಡಿದ ಎಂದಳು. ಅಪ್‌ಡೇಟುಗಳು ತಮ್ಮ ಪಾಡಿಗೆ ಆಗುತ್ತಿದ್ದವು. ಫೋನಿಗೆ ಯಾವ ಮೆಸೇಜೂ ಬರಲಿಲ್ಲ.

ಹಬ್ಬ ಕಳೆದ ಮೇಲೆ, ಯಾರೂ ನೆನೆಸದ ಹೊತ್ತಿನಲ್ಲಿ, ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು. ಹೊಳೆ ಎರಡೂ ದಂಡೆ ತುಂಬುತ್ತಿದೆ ಎಂಬ ಸುದ್ದಿ ಜಮಖಂಡಿಯ ಚಹಾದಂಗಡಿಗೆ ಬಂದಾಗ ದುಂಡೇಶ ಅಲ್ಲೇ ಇದ್ದ. ಅವನು ತಕ್ಷಣ ಫೋನು ತೆಗೆದು ನೋಡಿದ. ಮೆಸೇಜಿಲ್ಲ. ಅವ್ವನಿಗೊಂದು ಫೋನು ಮಾಡಲೇ ಎಂದುಕೊಂಡ, ಅಷ್ಟರಲ್ಲಿ ಗಿರಾಕಿಯೊಬ್ಬ ಕರೆದ. ಮಷೀನು ಇದೆಯಲ್ಲ ಎಂದು ಫೋನನ್ನು ಕಿಸೆಗೆ ಹಾಕಿಕೊಂಡ. ಆ ಡಬ್ಬಿಯನ್ನು ನಂಬಿದವಳು ಲಗಮವ್ವ ಒಬ್ಬಳೇ ಅಲ್ಲ.

ಊಟದ ಹೊತ್ತು ಮೀರಿದ ಮೇಲೆ ಗಿರಿಮಲ್ಲಪ್ಪಗೌಡರ ಫೋನು ಬಂತು. ಗೌಡರು ಎಂದೂ ಗದ್ದಲ ಮಾಡಿ ಮಾತಾಡುವವರಲ್ಲ. ಇವತ್ತು ಅವರ ದನಿ ಬಹಳ ತಗ್ಗಿತ್ತು. ಲಗೂ ಬಾ ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ದುಂಡೇಶ ಹೋಗುವಷ್ಟರಲ್ಲಿ ಹಳ್ಳವೇ ಇರಲಿಲ್ಲ. ಹಳ್ಳ, ತಗ್ಗಿನ ಹೊಲ, ಹೊಳೆ ಎಲ್ಲ ಒಂದೇ ಕೆಂಪು ನೀರಾಗಿತ್ತು. ಈಚೆ ದಂಡೆಯ ಮೇಲೆ ಜನ ಕೂಡಿದ್ದರು. ಅವರ ಕಾಲ ಬಳಿ ತೊಯ್ದ ಮರಿಗಳು ನಡುಗುತ್ತ ನಿಂತಿದ್ದವು, ಒಂದೊಂದೂ ಬಾಯ್ತೆರೆದು ಒದರುತ್ತಿತ್ತು. ಅವುಗಳನ್ನು ಲಗಮವ್ವ ಸೀರೆಯಲ್ಲಿ ಕಟ್ಟಿಕೊಂಡು ದಾಟಿಸಿದ್ದಳಂತೆ. ಗೂಡಿನಲ್ಲಿ ಇನ್ನೂ ಉಳಿದಿವೆ ಎಂದು ಮತ್ತೆ ಇಳಿದಿದ್ದಳು. ಬೇಡ ಎಂದು ಕಬ್ಬಿನ ಹೊಲದಿಂದ ಕೂಗುತ್ತ ಓಡಿಬಂದವರ ಮಾತು ಆಕೆಯ ಕಿವಿಗೆ ಬಿತ್ತೋ ಇಲ್ಲವೋ, ಆಕೆ ತಿರುಗಿ ನೋಡಲಿಲ್ಲ. ನಡುನೀರಿಗೆ ಹೋದದ್ದನ್ನು ಎಲ್ಲರೂ ಕಂಡರು. ಆಮೇಲೆ ಕಾಣಲಿಲ್ಲ.

ರೇವಪ್ಪ ಜನರಿಂದ ದೂರ ನಿಂತಿದ್ದ. ಹಿಂಡು ಅವನ ಬೆನ್ನ ಹಿಂದೆ ಗುಂಪುಗೂಡಿತ್ತು. ಬಾಯಿಗೆ ಕೈಯಿಟ್ಟು ಅವನು ನೀರಿನ ಕಡೆ "ಹೋ" ಎಂದು ಕೂಗುತ್ತಿದ್ದ. ಎಂದೂ ಓಗೊಡುವವನೇ ಆಗಿದ್ದವನಿಗೆ ಕೂಗಿ ರೂಢಿಯಿರಲಿಲ್ಲ. ಆ ಕೂಗು ನೆಟ್ಟಗೆ ಬರಲಿಲ್ಲ. ದುಂಡೇಶ ಹೋಗಿ ಅವನ ತೋಳು ಹಿಡಿದ. ಅವನು ಮಗನನ್ನು ನೋಡಿ, ಮತ್ತೆ ನೀರಿನ ಕಡೆ ತಿರುಗಿ ಕೂಗಿದ.

ಮರುದಿನ ನೀರು ತಗ್ಗಿದ ಮೇಲೆ ಕೆಳಗಿನ ಜಾಲಿಕಂಟಿಯಲ್ಲಿ ಲಗಮವ್ವ ಸಿಕ್ಕಳು. ಮೈಗೆ ಸುತ್ತಿಕೊಂಡ ಸೆರಗಿನ ಗಂಟು ಬಿಚ್ಚಿರಲಿಲ್ಲ, ಒಳಗೆ ಒಂದು ಮರಿಯಿತ್ತು. ಮಣ್ಣು ಕೊಡುವಾಗ ದುಂಡೇಶ ಅತ್ತನೋ ಇಲ್ಲವೋ ಅವನಿಗೆ ನೆನಪಿಲ್ಲ. ಬಂದವರೆಲ್ಲ ಹೊಳೆಯವ್ವನ ಮುಂದೆ ಯಾರ ಆಟ ನಡೆಯುತ್ತದೆ ಎಂದರು. ಬಸುರಿ ಸೊಸೆಯನ್ನು ಹತ್ತಿರ ಬಿಡಬೇಡಿ ಎಂದರು. ಮಷೀನು ಯಾಕೆ ಕೂಗಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅವನ ಮುಖ ನೋಡಿದ ಯಾರಿಗೂ ಆ ಮಾತೆತ್ತುವ ಧೈರ್ಯವಾಗಿರಲಿಕ್ಕಿಲ್ಲ.

ದಿನಕರ್ಮ ಮುಗಿದ ಮೇಲೆ ದುಂಡೇಶ ಒಬ್ಬನೇ ಪಂಪ್‌ಸೆಟ್ ಮನೆಗೆ ಹೋದ. ಎತ್ತರದಲ್ಲಿದ್ದ ಆ ಮನೆಯ ಮೆಟ್ಟಿಲಿಗೂ ನೀರು ತಾಗಿರಲಿಲ್ಲ. ಡಬ್ಬಿ ಒಣಗಿತ್ತು, ಒಳಗಿನ ಹಸಿರು ದೀಪ ಉರಿಯುತ್ತಿತ್ತು. ಸಿಡಿಲು ಬಡಿದು ಸುಟ್ಟಿರಲಿ, ಇಲಿ ವೈರು ಕಡಿದಿರಲಿ, ಬ್ಯಾಟರಿ ಸತ್ತಿರಲಿ ಎಂದು ಅವನು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ. ಕಟ್ಟೆಯ ಮೇಲೆ ಎಂದಿನ ಜಾಗದಲ್ಲೇ ಕೂತು ಲ್ಯಾಪ್‌ಟಾಪ್ ಬಿಚ್ಚಿದ.

ಮಷೀನು ಕೆಟ್ಟಿರಲಿಲ್ಲ. ಅದು ಕಾಯುತ್ತಿತ್ತು. ಹೊಳೆ ಬರುವ ಹಿಂದಿನ ಸೋಮವಾರ ಬೆಳಗ್ಗೆ ಹೇಳಿದಂತೆಯೇ ನೀರು ನೋಡುವುದನ್ನು ನಿಲ್ಲಿಸಿ, ಹೊಸದು ಮಾಡಿಕೊಳ್ಳಲು ಶುರುಮಾಡಿ, ನಡುವೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಅಲ್ಲೇ ನಿಂತುಬಿಟ್ಟಿತ್ತು. ಎಲ್ಲದಕ್ಕೂ ಹೌದು ಅನ್ನು ಎಂದು ದುಂಡೇಶ ಕಲಿಸಿದ್ದ. ಈ ಪ್ರಶ್ನೆ ಹೌದು ಇಲ್ಲ ಎಂಬ ಜಾತಿಯದಲ್ಲ. ಈ ಫೈಲನ್ನು ನೀವು ಕೈಯಾರೆ ತಿದ್ದಿದ್ದೀರಿ, ನಿಮ್ಮದನ್ನೇ ಇಟ್ಟುಕೊಳ್ಳಲೇ, ಹೊಸದನ್ನು ಹಾಕಲೇ ಎಂದು ಅದು ಕೇಳಿತ್ತು. ಇಂಥ ಪ್ರಶ್ನೆ ಬರಬಹುದು, ಬಂದರೆ ಇಂಥದ್ದು ಮಾಡು ಎಂದು ಮೊದಲೇ ಒಂದು ಸಾಲು ಬರೆದಿಟ್ಟಿದ್ದರೆ ಆಗಿಹೋಗುತ್ತಿತ್ತು. ಅವನು ಬರೆದಿರಲಿಲ್ಲ. ತಪ್ಪಾದರೆ ಮೆಸೇಜು ಕಳಿಸು ಎಂದಿದ್ದ. ಕಾಯುವುದು ತಪ್ಪಲ್ಲವಲ್ಲ, ಅದು ಕಳಿಸಿರಲಿಲ್ಲ.

ಅವನು ಫೈಲಿನ ಹೆಸರನ್ನು ಎರಡನೇ ಸಲ ಓದಿದ. ಅದು ಯಾವ ಯಾವ ಹೊತ್ತಿಗೆ ಏನು ಮಾಡಬೇಕೆಂದು ಬರೆದಿಡುವ ಫೈಲು. ಅದರಲ್ಲಿ ಅವನು ಕೊನೆಗೆ ಕೈಯಾಡಿಸಿದ್ದು ಗಬ್ಬದ ಕುರಿಗಳಿಗಾಗಿ. ಸಂಜೆ ಕೂಗಿನ ಸಾಲು ಇದ್ದ ಫೈಲನ್ನೇ ಮೂಲವೆಂದು ಅವನು ಮಷೀನಿಗೆ ಮೊದಲೇ ಒಪ್ಪಿಸಿದ್ದ, ಆ ಸಾಲನ್ನು ಅಳಿಸಿದ ಮೇಲೂ ಹಾಗೇ ಒಪ್ಪಿಸಬಹುದಿತ್ತು. ಆ ದಿನ ಮನೆಯಲ್ಲಿ ಕೂತು ಅವಸರದಲ್ಲಿ ಅಳಿಸಿದ್ದ, ಸುತ್ತಲಿನ ಎರಡು ಸಾಲು ಹೆಚ್ಚುಕಡಿಮೆಯಾಗಿದ್ದವು. ಅಪ್ಪ ಫೋನು ಮಾಡದೆ ಇದ್ದಿದ್ದರೆ ಆ ಫೈಲು ತೆರೆಯುತ್ತಲೇ ಇರಲಿಲ್ಲ. ಕೂಗು ಅಲ್ಲೇ ಇದ್ದಿದ್ದರೆ, ಸೋಮವಾರ ಸಂಜೆ ಅದು ಕೇಳಿಸದೆ ಇದ್ದಾಗ ಅವ್ವ ಬಡಿಗೆ ಹಿಡಿದು ನೋಡಲು ಬರುತ್ತಿದ್ದಳು. ಹೊಳೆ ಬಂದದ್ದು ಅದಾದ ಮೇಲೆ. ಎರಡು ದಾರಿಯೂ ಆ ಒಂದು ಫೋನಿಗೇ ಹೋಗಿ ಮುಟ್ಟುತ್ತಿದ್ದವು. ದುಂಡೇಶ ಲ್ಯಾಪ್‌ಟಾಪಿನ ಮೇಲೆ ಹಣೆಯಿಟ್ಟು ಅತ್ತ. ಮಣ್ಣು ಕೊಡುವಾಗ ಬರದ ಅಳು ಈಗ ನಿಲ್ಲಲಿಲ್ಲ.

ಬಾಗಿಲಲ್ಲಿ ನೆರಳಾಡಿತು. ಗಿರಿಮಲ್ಲಪ್ಪಗೌಡರು ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ಬಂದು ಕಟ್ಟೆಯ ತುದಿಗೆ ಕೂತರು, ತಲೆಗೆ ಸುತ್ತಿದ್ದ ಪಟಗ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಹೇಳಬಾರದು ಎಂದುಕೊಂಡಿದ್ದೆ, ಹೇಳದೆ ನನಗೆ ಊಟ ಸೇರುತ್ತಿಲ್ಲ ಎಂದರು. ಆ ದಿನ ಅವರು ಹಳ್ಳದಲ್ಲಿ ನೀರು ತಿರುಗಿದ್ದನ್ನು ಮೇಲಿನಿಂದ ಕಂಡಿದ್ದರು. ಕಂಡ ಕೂಡಲೇ ಲಗಮವ್ವನಿಗೆ ಫೋನು ಮಾಡಿ, ಹಿಂದೆ ನೀರು ಏರುತ್ತಿದೆ, ಮರಿ ಬಿಟ್ಟು ಈಗಲೇ ದಾಟಿ ಬಾ ಎಂದಿದ್ದರು. ಆಗ ಹಳ್ಳದಲ್ಲಿ ಇನ್ನೂ ಮೊಣಕಾಲುದ್ದವೂ ಇರಲಿಲ್ಲ.

"ಏನಂದ್ಲರೀ ಗೌಡ್ರ?"

ಗೌಡರು ಮೊಣಕಾಲ ಮೇಲಿನ ಪಟಗವನ್ನು ಮಡಚಿದರು.

"ನನ್ನ ಮಗನ ಮಷೀನು ಇನ್ನೂ ಕೂಗಿಲ್ಲರೀ ಗೌಡ್ರ, ಅದು ಕೂಗಿದ ಮ್ಯಾಲ ಹೊಂಡತೀನಿ ಅಂದ್ಲಪಾ."

ಅದರ ನಂತರ ಗೌಡರು ಏನೇನೋ ಹೇಳಿದರು. ತಾವು ಇನ್ನೂ ಜೋರು ಮಾಡಬೇಕಿತ್ತು ಎಂದರು, ಇಳಿದು ಹೋಗಿ ಕೈಹಿಡಿದು ಎಳೆದು ತರಬೇಕಿತ್ತು ಎಂದರು. ದುಂಡೇಶನ ಕಿವಿಗೆ ಒಂದೂ ಹೋಗಲಿಲ್ಲ. ಕಣ್ಣೆದುರಿನ ನೀರಿಗಿಂತ, ಹಿರಿಯರ ಮಾತಿಗಿಂತ, ತನ್ನ ಇಷ್ಟು ವರ್ಷದ ಅನುಭವಕ್ಕಿಂತ ಆಕೆ ಮಗನನ್ನು ನಂಬಿದ್ದಳು. ಕೂಗಲಿಲ್ಲವೆಂದರೆ ಎಲ್ಲ ಆರಾಮ ಇದೆ ಎಂದು ಮಗ ಹೇಳಿದ್ದ.

ಗೌಡರು ಎದ್ದು ಹೋದ ಮೇಲೆ ರೇವಪ್ಪ ಬಂದ. ಹಿಂಡನ್ನು ಅವನು ಈಚೆಯ ಎತ್ತರಕ್ಕೇ ತಂದು ನಿಲ್ಲಿಸಿದ್ದ. ಕಂಬಳಿ ಹೊದ್ದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು, ಮಗನ ಮುಂದಿದ್ದ ಕಪ್ಪು ತೆರೆಯನ್ನೂ ಅದರ ಮೇಲೆ ಮಿಣುಕುತ್ತಿದ್ದ ಸಣ್ಣ ಬಿಳಿ ಚುಕ್ಕೆಯನ್ನೂ ನೋಡಿದ. ಓದು ಬಾರದವನು. ಆದರೆ ಏನೋ ಒಂದು ಕಾಯುತ್ತಿದೆ ಎಂದು ಅವನಿಗೂ ತಿಳಿಯಿತು. ಕಾಯುವುದೇ ಅವನ ಕಸುಬು.

"ಏನ ಕೇಳಾಕತ್ತೈತಲೇ ಅದು?"

ನೀನು ಅಳಿಸು ಎಂದೆಯಲ್ಲ, ಆ ಸಾಲಿನ ಬಗ್ಗೆ ಕೇಳುತ್ತಿದೆ ಎಂದರೆ ಮುಗಿಯಿತು. ಈ ಮನುಷ್ಯ ಇನ್ನು ಉಳಿದಷ್ಟು ದಿನ ಒಂದು ಕುರಿಯನ್ನೂ ನೆಟ್ಟಗೆ ನೋಡಲಾರ. ಒಬ್ಬರನ್ನು ಕಳೆದುಕೊಂಡದ್ದು ಸಾಕಾಗಿತ್ತು. ದುಂಡೇಶ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

"ನನ್ನನ್ನ ಕೇಳಾಕತ್ತಿತ್ತು ಯಪ್ಪಾ. ನಾ ಇಲ್ಲಿ ಇರಲಿಲ್ಲ."

ಅದು ಸುಳ್ಳಾಗಿರಲಿಲ್ಲ. ರೇವಪ್ಪ ತಲೆದೂಗಿದ. ಕಂಬಳಿಯ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತ. ಆಮೇಲೆ, ಸಂಜೆ ಕೂಗು ಇದ್ದಿದ್ದರೆ ಇದು ಸುಮ್ಮನಾದದ್ದು ನಿಮ್ಮವ್ವನಿಗೆ ಅವತ್ತೇ ಗೊತ್ತಾಗುತ್ತಿತ್ತು, ತೆಗಿ ಎಂದವನು ನಾನು ಎಂದ. ಇಷ್ಟು ದಿನ ಅವನು ಒಬ್ಬನೇ ಕೂತು ಯೋಚಿಸಿ ಇಲ್ಲಿಯವರೆಗೆ ಬಂದಿದ್ದ. ಅರ್ಧ ಅವನಿಗೆ ತಿಳಿದೇ ಇತ್ತು. ಉಳಿದರ್ಧವನ್ನು ದುಂಡೇಶ ತುಟಿಯೊಳಗೆ ಕಚ್ಚಿ ಹಿಡಿದ.

"ನೀ ಕುರಿ ಕಾಯಾಂವ ಯಪ್ಪಾ, ಕುರಿ ಸಲುವಾಗಿ ಕೇಳ್ದಿ. ಬರ್ತೀನಿ ಅಂತ ಹೇಳಿ ಬರದಿದ್ದಾಂವ ನಾನು."

ಸ್ವಲ್ಪ ಹೊತ್ತಿಗೆ ರೇವಪ್ಪ, ಆ ಸಂಜೆ ಕೂಗನ್ನು ಮತ್ತೆ ಹಚ್ಚು ಎಂದ. ಕುರಿ ಬೆದರುತ್ತವೆ ಎಂದು ದುಂಡೇಶ ನೆನಪಿಸಿದ.

"ಬೆದರಲಿ ಬಿಡು," ಎಂದ ರೇವಪ್ಪ.

ದುಂಡೇಶ ಮೊದಲು ತಾನು ಬರೆದ ಪ್ರೋಗ್ರಾಮನ್ನು ಅಳಿಸಿಹಾಕಿದ. ಇನ್ನು ಮೇಲೆ ಇದಕ್ಕೆ ಅವನೇ ಬಂದು ಉಣ್ಣಿಸುತ್ತಾನೆ. ಮಷೀನಿನ ಪ್ರಶ್ನೆಗೆ ಉತ್ತರ ಕೊಟ್ಟ. ಅದು ಇಷ್ಟು ದಿನ ನಿಂತದ್ದು ಏನೂ ಅಲ್ಲ ಎಂಬಂತೆ ಸರಸರ ಕೆಲಸ ಮುಂದುವರಿಸಿತು. ಹಿಂದೆಂದೂ ಇಲ್ಲದಷ್ಟು ಬೇಗ ಮುಗಿಯಿತು. ಅವನಿಗೆ ಹಸಿವೆಯಾಗಿತ್ತು, ಎದುರಿನ ಕಟ್ಟೆಯಲ್ಲಿ ಬುತ್ತಿ ಇರಲಿಲ್ಲ. ಸಂಜೆ ಕೂಗಿನ ಸಾಲನ್ನು ಮತ್ತೆ ಒಂದೊಂದೇ ಅಕ್ಷರ ನೋಡಿಕೊಂಡು ಬರೆದ. ಮುಗಿಸಿ ಹೊರಗೆ ಬಂದಾಗ ಹೊಳೆಯ ಆಚೆ ಹೊತ್ತು ಇಳಿಯುತ್ತಿತ್ತು. ತಗ್ಗಿನ ಹೊಲದ ತುಂಬ ಹೊಸ ಕೆಸರು ಒಣಗುತ್ತಿತ್ತು, ಬಿದಿರಿನ ಗೂಡು ತಲೆಕೆಳಗಾಗಿ ಅಲ್ಲೇ ಬಿದ್ದಿತ್ತು. ಅಪ್ಪ ಹಿಂಡಿನ ಬಳಿ ಅದರ ಕಡೆ ಬೆನ್ನು ಮಾಡಿ ನಿಂತಿದ್ದ.

ಹೊತ್ತಿಗೆ ಸರಿಯಾಗಿ ಮಷೀನು ಕೂಗಿತು. ಕುರಿಗಳು ಬೆದರಿ ಚೆಲ್ಲಾಪಿಲ್ಲಿಯಾಗಿ ಓಡಿದವು. ರೇವಪ್ಪ ಅವುಗಳನ್ನು ತಡೆಯಲು ಹೋಗಲಿಲ್ಲ. ಜನ್ಮವಿಡೀ ಆ ಹೊತ್ತಿಗೆ ಮಾಡಿದ್ದನ್ನೇ ಮಾಡಿದ. ಹೊಳೆಯ ಕಡೆ ತಿರುಗಿ, ಬಾಯಿಗೆ ಕೈಯಿಟ್ಟು, ಉದ್ದಕ್ಕೆ "ಓ" ಎಂದ.

ಎಂದ ಮೇಲೆ, ಓಗೊಟ್ಟದ್ದು ಹಟ್ಟಿಯ ಕೂಗಿಗಲ್ಲ ಎಂಬುದು ಅವನಿಗೆ ತಿಳಿಯಿತು. ಕೈ ಬಾಯಿಯ ಹತ್ತಿರವೇ ನಿಂತಿತು. ಕಂಬಳಿಯನ್ನು ಮುಖಕ್ಕೆ ಒತ್ತಿಕೊಂಡು ಅವನು ನಿಂತಲ್ಲೇ ಕುಸಿದು ಕೂತ. ದುಂಡೇಶ ಹೋಗಿ ಪಕ್ಕದಲ್ಲಿ ಕೂತುಕೊಂಡ. ಕತ್ತಲಾಗುವವರೆಗೂ ಕುರಿಗಳನ್ನು ಕೂಡಿಸಲು ಇಬ್ಬರೂ ಏಳಲಿಲ್ಲ.